ದೇವರಾಯನದುರ್ಗ ಹತ್ತುವಾಗ ಮಿಣುಕಿದ ಹಳದಿ ಲೈಟು

ಪ್ರಶ್ನೆ: ನಮಸ್ಕಾರ ಅಣ್ಣ. ನಾನು ತುಮಕೂರಿನ ಬಟವಾಡಿಯವನು, ಶಾಲೆಯಲ್ಲಿ ಮೇಷ್ಟ್ರು. ನನ್ನದು 2011ರ ಸಣ್ಣ ಪೆಟ್ರೋಲ್ ಕಾರು. ಮೂರು ಸಿಲಿಂಡರ್, 85 ಸಾವಿರ ಕಿಲೋಮೀಟರ್ ಓಡಿದೆ. ಹೋದ ಭಾನುವಾರ ನಾಮದ ಚಿಲುಮೆ ದಾಟಿ ದೇವರಾಯನದುರ್ಗ ಹತ್ತುವಾಗ ಇಂಜಿನ್ ಚಿತ್ರದ ಹಳದಿ ಲೈಟು ಮಿಣುಕತೊಡಗಿತು. ಗಾಡಿ ನಡುಗಿತು, ಪಿಕಪ್ ಇರಲಿಲ್ಲ. ಕೆಳಗೆ ಬಂದ ಮೇಲೆ ಮಿಣುಕುವುದು ನಿಂತು ಒಂದೇ ಸಮ ಉರಿಯಿತು. ಗ್ಯಾರೇಜಿನಲ್ಲಿ ಬ್ಯಾಟರಿ ವೈರ್ ಬಿಚ್ಚಿ ಹಾಕಿದರು, ಲೈಟು ಹೋಯಿತು. ಎರಡೇ ದಿನಕ್ಕೆ ಮತ್ತೆ ಬಂತು. ಈಗ ಆಕ್ಸಿಜನ್ ಸೆನ್ಸರ್ ಬದಲಿಸಬೇಕು ಅಂತಾರೆ. ಬದಲಿಸಲಾ?

ಉತ್ತರ: ಮೇಷ್ಟ್ರೇ, ಈಗಲೇ ಸೆನ್ಸರ್‌ಗೆ ದುಡ್ಡು ಹಾಕಬೇಡಿ. ಲೈಟು ಮಿಣುಕಿತು ಅಂದಿರಲ್ಲ, ಅದೇ ಮುಖ್ಯ. ಒಂದೇ ಸಮ ಉರಿದರೆ, ಗಾಡಿ ನಡುಗದಿದ್ದರೆ, ನಿಧಾನವಾಗಿ ಗ್ಯಾರೇಜಿಗೆ ತರಬಹುದು. ಮಿಣುಕಿದರೆ ಮಿಸ್‌ಫೈರ್ ಜೋರಾಗಿದೆ ಅಂತ. ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಆ ಪೆಟ್ರೋಲ್ ಹೊಗೆಯ ದಾರಿಯಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕಾದು ಒಳಗೇ ಕರಗಿದರೆ ಖರ್ಚು ತುಂಬಾ ಜಾಸ್ತಿ.

ಏರಿನಲ್ಲೇ ಯಾಕೆ ಬಂತು? ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ. ಆಗ ಪ್ಲಗ್ಗಿನಲ್ಲಿ ಕಿಡಿ ಹಾರಬೇಕಾದರೆ, ಅದಕ್ಕೆ ಕರೆಂಟು ಕೊಡುವ ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕು. ಸವೆದ ಪ್ಲಗ್, ಸೋತ ಕಾಯಿಲ್ ಊರೊಳಗೆ ಹೇಗೋ ಓಡಿಸುತ್ತವೆ, ದುರ್ಗದ ಏರಿನಲ್ಲಿ ಕೈಕೊಡುತ್ತವೆ.

ಪೆಟ್ರೋಲ್ ಉರಿಯದಿದ್ದರೆ ಆಕ್ಸಿಜನ್ನೂ ಹಾಗೇ ಉಳಿದು ಹೊರಗೆ ಬರುತ್ತದೆ, ಅಲ್ವಾ? ಸೆನ್ಸರ್ ಅದನ್ನು ಕಂಡು ಹೇಳುತ್ತದೆ ಅಷ್ಟೇ. ಇದ್ದದ್ದು ಇದ್ದಂಗೆ ಹೇಳಿದ ಸೆನ್ಸರನ್ನೇ ಬಿಚ್ಚಿ ಎಸೆಯುವುದು ನೋಡಿದರೆ ನನಗೆ ಸಂಕಟ ಆಗುತ್ತದೆ.

ಬ್ಯಾಟರಿ ವೈರ್ ಮತ್ತೆ ಬಿಚ್ಚಿಸಬೇಡಿ. ತೊಂದರೆ ಎಲ್ಲಿದೆ ಅಂತ ಗಾಡಿಯ ಕಂಪ್ಯೂಟರ್ ಬರೆದಿಟ್ಟ ಕೋಡ್ ಅಳಿಸಿ ಹೋಗುತ್ತದೆ. ಮೊದಲು ಸ್ಕ್ಯಾನ್ ಮಾಡಿಸಿ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದ್ದರೆ ಐದು ನಿಮಿಷದ ಕೆಲಸ. ಕೋಡ್ ಬರೆದುಕೊಂಡು ಬಂದು ಇಲ್ಲಿ ಹಾಕಿ.

ಪ್ರಶ್ನೆ: ಮಾಡಿಸಿದೆ ಅಣ್ಣ. ಪಿ 0302 ಮತ್ತು ಪಿ 0171 ಬಂದಿದೆ.

ಉತ್ತರ: 0302 ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ನಿಮ್ಮದರಲ್ಲಿ ಪ್ಲಗ್ಗಿಗೊಂದು ಕಾಯಿಲ್ ಇದ್ದರೆ, ಇಂಜಿನ್ ಆಫ್ ಮಾಡಿ, ಆರಲು ಬಿಟ್ಟು, ಎರಡನೆಯದರ ಕಾಯಿಲನ್ನು ಒಂದಕ್ಕೆ, ಒಂದರದನ್ನು ಎರಡಕ್ಕೆ ಹಾಕಿಸಿ. ಕೋಡ್ ಅಳಿಸಿ ಸ್ವಲ್ಪ ಓಡಿಸಿ ನೋಡಿ. ಈಗ 0301 ಬಂದರೆ ಕಾಯಿಲ್ಲೇ ಹೋಗಿದೆ. 0302 ಅಲ್ಲೇ ನಿಂತರೆ ಪ್ಲಗ್ ನೋಡಿಸಿ, ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಸಿಲಿಂಡರ್ ಒಳಗಿನ ಒತ್ತಡ ಅಂದರೆ ಕಂಪ್ರೆಷನ್. ಪ್ಲಗ್ ಹಾಕಿಸುವುದಾದರೆ ಮೂರನ್ನೂ ಒಟ್ಟಿಗೆ ಹಾಕಿಸಿ.

0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ. ಮಿಸ್‌ಫೈರ್‌ನಿಂದಲೇ ಹಾಗೆ ಕಂಡಿರಬಹುದು. ಆದರೆ ನಿಮ್ಮ ಗಾಡಿಯ ವಯಸ್ಸಿಗೆ ಇಂಜಿನ್ ಗಾಳಿ ಎಳೆಯುವ ಕಡೆ ಸೇರಿಸಿರುವ ಸಣ್ಣ ವ್ಯಾಕ್ಯೂಮ್ ಪೈಪಿನ ರಬ್ಬರ್ ಒಣಗಿ ಬಿರುಕು ಬಿಡುವುದು ಮಾಮೂಲು. ಅಲ್ಲಿಂದ ಗಾಳಿ ಎಳೆದರೆ ಮಿಸ್‌ಫೈರೂ ಬರುತ್ತದೆ. ಬಾನೆಟ್ ಎತ್ತಿದಾಗ ಅದನ್ನೂ ಬಗ್ಗಿಸಿ ನೋಡಲು ಹೇಳಿ. ರಿಪೇರಿ ಆಗುವ ತನಕ ದುರ್ಗದ ಕಡೆ ಗಾಡಿ ಹತ್ತಿಸಬೇಡಿ.

ಪ್ರಶ್ನೆ: ಕಾಯಿಲ್ ಅದಲುಬದಲು ಮಾಡಿ ನೋಡಿದೆವು ಅಣ್ಣ, 0301 ಬಂತು. ನಾಳೆ ಹೊಸ ಕಾಯಿಲ್ ಹಾಕಿಸುತ್ತೇನೆ.

ಉತ್ತರ: ಒಳ್ಳೆಯದು ಮೇಷ್ಟ್ರೇ. ಹಾಕಿಸಿ ಒಂದು ವಾರ ಓಡಿಸಿ, 0171 ಮತ್ತೆ ಬಂತಾ ಅಂತ ತಿಳಿಸಿ.