‘ಹ್ಯಾವ್ ವರ್ಕ್ಡ್’ ಅನ್ನಬೇಕಾ, ‘ಹ್ಯಾವ್ ಬೀನ್ ವರ್ಕಿಂಗ್’ ಅನ್ನಬೇಕಾ?

ಪ್ರಶ್ನೆ: ಮೇಡಂ, ಮುಂದಿನ ವಾರ ಇಂಟರ್‌ವ್ಯೂ ಇದೆ. ಈಗಿನ ಕೆಲಸಕ್ಕೆ ಸೇರಿದ್ದು 2019ರಲ್ಲಿ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2019’ ಅಂತ ಬರೆದಿದ್ದೆ, ಗೆಳೆಯ ತಪ್ಪು ಅಂದ. ‘ಹ್ಯಾವ್ ವರ್ಕ್ಡ್’ ಸರಿಯೋ, ‘ಹ್ಯಾವ್ ಬೀನ್ ವರ್ಕಿಂಗ್’ ಸರಿಯೋ?

ಉತ್ತರ (ಇಂಗ್ಲಿಷ್ ಉಪನ್ಯಾಸಕಿ): ಗೆಳೆಯ ಹೇಳಿದ್ದು ಸರಿ. ನಾವು ‘2019ರಿಂದ ಕೆಲಸ ಮಾಡ್ತಾ ಇದ್ದೇನೆ’ ಅನ್ನುತ್ತೇವಲ್ಲ, ಅದೇ ‘ಆಮ್ ವರ್ಕಿಂಗ್’ ಆಗಿ ಇಳಿಯುತ್ತದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿದ್ದರೆ ಇಂಗ್ಲಿಷಿಗೆ ‘ಹ್ಯಾವ್’ ಬೇಕೇ ಬೇಕು.

ನಿಮ್ಮ ವಾಕ್ಯಕ್ಕೆ ಎರಡೂ ನಡೆಯುತ್ತದೆ. ವರ್ಕ್, ಲಿವ್, ಟೀಚ್ ಇಂಥ ಪದಗಳ ಜೊತೆ ‘ಸಿನ್ಸ್’ ಅಥವಾ ‘ಫಾರ್’ ಇದ್ದರೆ ಅರ್ಥ ಜಾಸ್ತಿ ಬದಲಾಗುವುದಿಲ್ಲ. ಆದರೆ ಆ ‘ಸಿನ್ಸ್’ ಬಿಡಬೇಡಿ. ಸುಮ್ನೆ ‘ಐ ಹ್ಯಾವ್ ವರ್ಕ್ಡ್ ಇನ್ ಎ ಬ್ಯಾಂಕ್’ ಅಂದರೆ ಯಾವಾಗಲೋ ಮಾಡಿದ್ದೆ ಅಂತ ಕೇಳಿಸುತ್ತದೆ. ಇಂಟರ್‌ವ್ಯೂನಲ್ಲಿ ಇದು ಎಡವಟ್ಟು.

ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಬಾಸ್ ರಿಪೋರ್ಟ್ ಕೇಳಿದರು ಅಂದುಕೊಳ್ಳಿ. ‘ಐ ಹ್ಯಾವ್ ರಿಟನ್ ದ ರಿಪೋರ್ಟ್’ ಅಂದರೆ ಮುಗಿದಿದೆ, ಕಳಿಸು ಅಂತಾರೆ. ‘ಐ ಹ್ಯಾವ್ ಬೀನ್ ರೈಟಿಂಗ್ ದ ರಿಪೋರ್ಟ್’ ಅಂದರೆ ಅದರ ಮೇಲೆ ಕೂತಿದ್ದೇನೆ ಅಂತ ಮಾತ್ರ. ಮುಗಿಯಿತಾ ಇಲ್ಲವಾ ಅನ್ನುವುದನ್ನು ಹೇಳಿಲ್ಲ. (ನನ್ನ ವಿದ್ಯಾರ್ಥಿಗಳಿಗೆ ಈ ಎರಡನೆಯದು ಬಹಳ ಇಷ್ಟ!)

ಇನ್ನೊಬ್ಬ ಸದಸ್ಯರು: ಹಾಗಾದರೆ ‘ಐ ಹ್ಯಾವ್ ಬೀನ್ ನೋಯಿಂಗ್ ಹಿಮ್ ಫಾರ್ ಟೆನ್ ಇಯರ್ಸ್’ ಅನ್ನಬಹುದಲ್ವಾ? ಪರಿಚಯ ಈಗಲೂ ಇದೆ.

ಉತ್ತರ: ಇಲ್ಲ ಸರ್, ‘ಐ ಹ್ಯಾವ್ ನೋನ್ ಹಿಮ್’. ಗೊತ್ತಿರುವುದು ಒಂದು ಸ್ಥಿತಿ, ನಾವು ಮಾಡುವ ಕೆಲಸವಲ್ಲ. ಓನ್, ಬಿಲಾಂಗ್ ಕೂಡ ಇದೇ ಗುಂಪು. ‘ಹ್ಯಾವ್’ ಮಾತ್ರ ಎರಡು ದೋಣಿಗೆ ಕಾಲಿಟ್ಟಿದೆ. ಬೈಕ್ ಇರುವುದಕ್ಕೆ ‘ಐ ಹ್ಯಾವ್ ಹ್ಯಾಡ್ ದಿಸ್ ಬೈಕ್ ಸಿನ್ಸ್ 2020’. ಆಗಾಗ ತಲೆನೋವು ಬರುತ್ತಿದ್ದರೆ ‘ಐ ಹ್ಯಾವ್ ಬೀನ್ ಹ್ಯಾವಿಂಗ್ ಹೆಡೇಕ್ಸ್’.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಕೊನೆಯದು. ಐದು ಪ್ರಾಜೆಕ್ಟ್ ಮಾಡಿದ್ದೇನೆ ಅಂತ ಹೇಗೆ ಹೇಳಲಿ?

ಉತ್ತರ: ‘ಐ ಹ್ಯಾವ್ ಡನ್ ಫೈವ್ ಪ್ರಾಜೆಕ್ಟ್ಸ್’. ಎಷ್ಟು ಅಂತ ಲೆಕ್ಕ ಕೊಡುವಾಗ ‘ಬೀನ್ ಡೂಯಿಂಗ್’ ಬೇಡ. ಆದರೆ ‘ಲಾಸ್ಟ್ ಇಯರ್’ ಸೇರಿಸಿದಿರೋ, ‘ಹ್ಯಾವ್’ ಕೂಡ ಬಿಟ್ಟು ‘ಐ ಡಿಡ್’ ಅನ್ನಿ.