ರೂತ್ ಝಾಬ್ವಾಲಾ ಕಂಡ ಭಾರತವನ್ನು ಹೇಗೆ ಓದಬೇಕು?

ಪ್ರಶ್ನೆ:
1975ರಲ್ಲಿ ಬೂಕರ್ ಪ್ರಶಸ್ತಿ ಪಡೆದ ರೂತ್ ಪ್ರವರ್ ಝಾಬ್ವಾಲಾ ಅವರ ‘ಹೀಟ್ ಅಂಡ್ ಡಸ್ಟ್’ ಕಾದಂಬರಿಯನ್ನು ಈಚೆಗೆ ಓದಿ ಮುಗಿಸಿದೆ. ನಮ್ಮ ದೇಶದ ಬಗೆಗಿನ ಸೆಳೆತವೂ ಅಸಹನೆಯೂ ಅದರಲ್ಲಿ ಬೆರೆತುಹೋಗಿವೆ. ಎರಡು ದಶಕಗಳಿಗೂ ಹೆಚ್ಚು ಕಾಲ ದೆಹಲಿಯಲ್ಲಿ ಸಂಸಾರ ನಡೆಸಿದವರು ಇಷ್ಟು ದೂರ ನಿಂತು ಬರೆದದ್ದೇಕೆ? ಅವರು ಆಮೇಲೆ ಸಿನಿಮಾದ ಕಡೆಗೆ ಹೊರಳಿದ್ದಕ್ಕೂ ಇದಕ್ಕೂ ನಂಟಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಆ ದೂರ ದೆಹಲಿಯಲ್ಲಿ ಹುಟ್ಟಿದ್ದಲ್ಲ ಎಂದೇ ನನ್ನ ನಂಬಿಕೆ. 1927ರಲ್ಲಿ ಜರ್ಮನಿಯ ಕಲೋನ್ ನಗರದ ಯಹೂದಿ ಮನೆತನದಲ್ಲಿ ಜನಿಸಿದ ರೂತ್, ನಾಜಿಗಳ ಕಿರುಕುಳದಿಂದಾಗಿ 1939ರಲ್ಲಿ ತಂದೆ, ತಾಯಿ ಮತ್ತು ಅಣ್ಣನೊಂದಿಗೆ ಇಂಗ್ಲೆಂಡಿಗೆ ವಲಸೆ ಬಂದರು; ಬಾಲ್ಯದ ಜರ್ಮನ್ ಭಾಷೆ ಅಲ್ಲಿಗೆ ಹಿಂದೆ ಉಳಿಯಿತು. ಯುದ್ಧ ಮುಗಿದ ಮೇಲೆ, ತಮ್ಮ ಬಂಧುಬಳಗದ ನಲವತ್ತಕ್ಕೂ ಹೆಚ್ಚು ಮಂದಿ ನರಮೇಧಕ್ಕೆ ಬಲಿಯಾದರೆಂದು ತಿಳಿದ ತಂದೆ ಮಾರ್ಕಸ್ 1948ರಲ್ಲಿ ತಮ್ಮ ಪ್ರಾಣವನ್ನೇ ತೆಗೆದುಕೊಂಡರು. ಈ ದುಃಖವನ್ನು ರೂತ್ ಕಾದಂಬರಿಯಾಗಿಸಲಿಲ್ಲ, ಬಹುಕಾಲ ಅದರ ಮಾತನ್ನೂ ಆಡಲಿಲ್ಲ. 1979ರಲ್ಲಿ ಮಾಡಿದ ಒಂದು ಭಾಷಣದಲ್ಲಿ ಮಾತ್ರ, ತಾವು ಪರಂಪರೆಯ ಹಕ್ಕನ್ನು ಕಳೆದುಕೊಂಡವರೆಂದು ಹೇಳಿಕೊಂಡರು. 1951ರಲ್ಲಿ ಪಾರ್ಸಿ ವಾಸ್ತುಶಿಲ್ಪಿ ಸೈರಸ್ ಝಾಬ್ವಾಲಾ ಅವರನ್ನು ಮದುವೆಯಾಗಿ ದೆಹಲಿಗೆ ಬರುವಾಗಲೇ ಅವರು ಎರಡು ನೆಲಗಳನ್ನು ಬಿಟ್ಟು ಬಂದವರಾಗಿದ್ದರು. ಅಂಥವರಿಂದ ಮೂರನೆಯ ನೆಲದಲ್ಲಿ ಪೂರ್ತಿ ಬೇರೂರಿದವರ ದನಿಯನ್ನು ನಿರೀಕ್ಷಿಸುವುದು ಕಠಿಣವೆನಿಸುತ್ತದೆ.

ಉತ್ತರ 2:
ಒಂದು ತಿದ್ದುಪಡಿ. ಅವರು ಸಿನಿಮಾದ ಕಡೆ ಹೊರಳಿದ್ದು ಭಾರತ ಬಿಟ್ಟ ಮೇಲಲ್ಲ. ಚಿತ್ರ ನಿರ್ಮಾಪಕ ಇಸ್ಮಾಯಿಲ್ ಮರ್ಚೆಂಟ್ ಮತ್ತು ನಿರ್ದೇಶಕ ಜೇಮ್ಸ್ ಐವರಿ ದೆಹಲಿಗೇ ಬಂದು ಅವರ ‘ದಿ ಹೌಸ್‌ಹೋಲ್ಡರ್’ ಕಾದಂಬರಿಗೆ ಚಿತ್ರಕಥೆ ಬರೆಸಿದರು. ಶಶಿ ಕಪೂರ್ ಮತ್ತು ಲೀಲಾ ನಾಯ್ಡು ನಟಿಸಿದ ಆ ಚಿತ್ರ 1963ರಲ್ಲಿ ತೆರೆಕಂಡಿತು. ‘ಹೀಟ್ ಅಂಡ್ ಡಸ್ಟ್’ನಲ್ಲಿ 1923ರ ಒಲಿವಿಯಾ ಎಂಬ ಇಂಗ್ಲಿಷ್ ಮಹಿಳೆಯ ಕಥೆಗೂ ಅರ್ಧ ಶತಮಾನದ ಬಳಿಕ ಅವಳ ಜಾಡು ಹಿಡಿದು ಬರುವ ಯುವತಿಯ ದಿನಚರಿಗೂ ನಡುವೆ ಕಥನ ಹಿಂದೆ ಮುಂದೆ ಚಲಿಸುವ ಬಗೆಯಲ್ಲಿ ನನಗೆ ಚಿತ್ರಸಂಕಲನದ ಕೈಚಳಕವೇ ಕಾಣುತ್ತದೆ. ಮುಂದೆ ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರರ ‘ಎ ರೂಮ್ ವಿತ್ ಎ ವ್ಯೂ’ ಮತ್ತು ‘ಹೋವರ್ಡ್ಸ್ ಎಂಡ್’ ಕಾದಂಬರಿಗಳನ್ನು ಚಿತ್ರಕ್ಕೆ ಅಳವಡಿಸಿ ಎರಡು ಆಸ್ಕರ್ ಪಡೆದರೂ, ಭಾರತ ಬಿಟ್ಟು ನೆಲೆಸಿದ ನ್ಯೂಯಾರ್ಕಿನಲ್ಲಿ ಕಥೆ, ಕಾದಂಬರಿ ಬರೆಯುವುದನ್ನು ಅವರು ನಿಲ್ಲಿಸಲಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ತಂದೆಯವರ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಅಸಮಾಧಾನ ಪೂರ್ತಿ ಹೋಗಿಲ್ಲ.

ಉತ್ತರ 3:
ಹೋಗಬೇಕಾಗಿಯೂ ಇಲ್ಲ. ಲೇಖಕಿಯ ಜೀವನದ ನೋವು ಕೃತಿಯ ಕೊರತೆಗೆ ಕಾರಣವನ್ನು ತಿಳಿಸಬಹುದೇ ಹೊರತು ಕೊರತೆಯನ್ನು ತುಂಬಿಕೊಡಲಾರದು. 1972ರ ‘ಎ ನ್ಯೂ ಡೊಮಿನಿಯನ್’ ಕಾದಂಬರಿಯ ಸ್ವಾಮಿಯಂಥ ಪಾತ್ರಗಳನ್ನು ಒಳಗಿನಿಂದ ಅರಿಯುವ ತಾಳ್ಮೆ ಅವರಲ್ಲಿ ಆ ವೇಳೆಗೆ ತೀರಿತ್ತೆಂದು ನನಗನಿಸುತ್ತದೆ. ಆದರೆ 1960ರ ‘ದಿ ಹೌಸ್‌ಹೋಲ್ಡರ್’ ಓದಿ ನೋಡಿ. ಹೊಸದಾಗಿ ಮದುವೆಯಾದ ಹಿಂದಿ ಮೇಷ್ಟರು ಪ್ರೇಮ್, ಸಂಬಳ ಹೆಚ್ಚಿಸಿ ಎಂದು ಕಾಲೇಜಿನವರನ್ನೂ ಬಾಡಿಗೆ ಇಳಿಸಿ ಎಂದು ಮನೆ ಮಾಲೀಕರನ್ನೂ ಕೇಳಲು ಧೈರ್ಯ ಸಾಲದೆ ಒದ್ದಾಡುವುದನ್ನು ಅವರು ಎಷ್ಟು ಅಕ್ಕರೆಯಿಂದ ಬರೆದಿದ್ದಾರೆಂದರೆ, ಅಲ್ಲಿ ದೂರ ಎಂಬುದೇ ಕಾಣದು.