ಅರ್ಥ್, ವಿಂಡ್ ಅಂಡ್ ಫೈರ್‌ನ ‘ಎಲೆಕ್ಟ್ರಿಕ್ ಯೂನಿವರ್ಸ್’: ಇಷ್ಟೊಂದು ಬೈಯುವಷ್ಟು ಕೆಟ್ಟದಾ?

ಕಣದ_ಹುಡುಗ (ಸಿದ್ದಾಪುರ):

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನಲ್ಲಿ ಫಂಕ್ (ಅಮೆರಿಕದ ಕಪ್ಪುಜನರ ಕುಣಿಸುವ ಸಂಗೀತ) ಕೇಳುವವರು ಬೆರಳೆಣಿಕೆಯಷ್ಟು ಜನ, ಅವರೆಲ್ಲ ಇಲ್ಲೇ ಸಿಗುತ್ತಾರೆ ಅನ್ನುವ ಧೈರ್ಯದ ಮೇಲೆ ಕೇಳುತ್ತಿದ್ದೇನೆ.

ನಾನು ಅರ್ಥ್, ವಿಂಡ್ ಅಂಡ್ ಫೈರ್ ಅನ್ನುವ ಈ ಅಮೆರಿಕದ ಬ್ಯಾಂಡಿನ ಹತ್ತಿರ ಬಂದದ್ದು ಎಲ್ಲರ ಹಾಗೆ ‘ಸೆಪ್ಟೆಂಬರ್’ ಹಾಡಿನಿಂದಲೇ. ಆಮೇಲೆ 1975ರ ‘ದಟ್ಸ್ ದ ವೇ ಆಫ್ ದ ವರ್ಲ್ಡ್’, 1977ರ ‘ಆಲ್ ಎನ್ ಆಲ್’, 1979ರ ‘ಐ ಆಮ್’ ಎಲ್ಲ ಫೋನಿನಲ್ಲೇ ಕೇಳಿ ಮುಗಿಸಿದೆ. ಮೊನ್ನೆ ನಮ್ಮ ಮಾವ, ಆರ್ಮಿಯಿಂದ ರಿಟೈರ್ ಆದವರು, ಅಟ್ಟ ಖಾಲಿ ಮಾಡುವಾಗ ಒಂದು ಪೆಟ್ಟಿಗೆ ಎಲ್‌ಪಿ ಕೊಟ್ಟರು. ಅದರಲ್ಲಿ ಈ ಬ್ಯಾಂಡಿನದು ಒಂದೇ ಒಂದು. ಅದೂ ಯಾವುದು? 1983ರ ‘ಎಲೆಕ್ಟ್ರಿಕ್ ಯೂನಿವರ್ಸ್’. ಗೆಳೆಯನಿಗೆ ಫೋಟೊ ಕಳಿಸಿದರೆ ‘ಅದಕ್ಕೆ ಸೂಜಿ ಸವೆಸಬೇಡ ಮಾರಾಯ’ ಅಂದ.

ಆದರೂ ಹಾಕಿದೆ. ‘ಮ್ಯಾಗ್ನೆಟಿಕ್’ ಖುಷಿ ಕೊಟ್ಟಿತು, ಸುಳ್ಳು ಯಾಕೆ ಹೇಳಲಿ. ‘ಮೂನ್‌ವಾಕ್’ ಪರವಾಗಿಲ್ಲ. ಎರಡನೇ ಸೈಡಿಗೆ ಬರುವಷ್ಟರಲ್ಲಿ ಇದು ಅದೇ ಬ್ಯಾಂಡಾ ಅಂತ ಕವರ್ ತಿರುಗಿಸಿ ಹೆಸರು ಓದಿದ್ದೇನೆ. ಟ್ರಂಪೆಟ್, ಸ್ಯಾಕ್ಸೊಫೋನ್ ಥರ ಊದುವ ಹಾರ್ನ್ ವಾದ್ಯ ಎಲ್ಲಿ ಹೋಯಿತು? ಬೆರಳಿನಲ್ಲಿ ಮೀಟುವ ಆಫ್ರಿಕದ ಕಲಿಂಬಾ ಎಲ್ಲಿ? ಆಲ್ಬಮ್ ನಿಜಕ್ಕೂ ಕೆಟ್ಟದಾ, ಅಥವಾ ಹಳೆಯ ಹಾಡು ತಲೆಯಲ್ಲಿಟ್ಟುಕೊಂಡು ಕೇಳುವವರ ಸಮಸ್ಯೆಯಾ?

ಇನ್ನೊಂದು. ಕವರ್ ಒಳಗೆ ಬಿಳಿ ಬೂಷ್ಟು ಹಿಡಿದಿದೆ, ರೆಕಾರ್ಡ್ ಮೇಲೂ ಅಲ್ಲಲ್ಲಿ ಚುಕ್ಕಿ ಇದೆ. ಏನು ಮಾಡಬೇಕು ಹೇಳಿ.

ಬ್ರಾಸ್_ಪ್ರಿಯ (ವಿರಾಜಪೇಟೆ):

ಕೆಟ್ಟದು. ಮುಗಿಯಿತು.

ಸರಿ, ಕಾರಣವನ್ನೂ ಹೇಳುತ್ತೇನೆ. ಈ ಬ್ಯಾಂಡಿನ ಜೀವ ಇದ್ದದ್ದೇ ಫೀನಿಕ್ಸ್ ಹಾರ್ನ್ಸ್‌ನಲ್ಲಿ. ಸ್ಯಾಕ್ಸೊಫೋನ್‌ಗೆ ಡಾನ್ ಮೈರಿಕ್, ಟ್ರಾಂಬೋನ್‌ಗೆ ಲೂಯಿಸ್ ಸ್ಯಾಟರ್‌ಫೀಲ್ಡ್, ಟ್ರಂಪೆಟ್‌ಗೆ ರಾಮ್ಲಿ ಮೈಕೇಲ್ ಡೇವಿಸ್ ಮತ್ತು ಮೈಕೇಲ್ ಹ್ಯಾರಿಸ್. ‘ಆಫ್ಟರ್ ದ ಲವ್ ಹ್ಯಾಸ್ ಗಾನ್’ ಹಾಡಿನಲ್ಲಿ ಮೈರಿಕ್ ನುಡಿಸುವ ಸ್ಯಾಕ್ಸ್ ಕೇಳಿದ್ದೀರಲ್ವಾ? 1981ರಲ್ಲಿ ಇಂಗ್ಲಿಷ್ ಗಾಯಕ ಫಿಲ್ ಕಾಲಿನ್ಸ್ ತನ್ನ ಮೊದಲ ಸೋಲೋ ಆಲ್ಬಮ್ ಮಾಡುವಾಗ ಹುಡುಕಿಕೊಂಡು ಬಂದದ್ದು ಈ ನಾಲ್ವರನ್ನೇ. ಆಮೇಲೆ ಆತನ ‘ಒನ್ ಮೋರ್ ನೈಟ್’ ಹಾಡಿನ ಸ್ಯಾಕ್ಸ್ ಕೂಡ ಮೈರಿಕ್‌ದೇ. ಊರವರೆಲ್ಲ ಸಾಲ ಕೇಳಿಕೊಂಡು ಬರುವಂಥ ಆಸ್ತಿ ಮನೆಯಲ್ಲೇ ಇದ್ದಾಗ ಅದನ್ನು ಹಿಂದಕ್ಕೆ ಸರಿಸಿ ಕೀಬೋರ್ಡ್ ಒತ್ತುತ್ತಾ ಕೂತರೆ ಏನನ್ನಬೇಕು? ಮದುವೆಮನೆಯಲ್ಲಿ ವಾಲಗದವರನ್ನು ಗೇಟಿನ ಹೊರಗೆ ನಿಲ್ಲಿಸಿ ಕೊಂಬಿನ ಶಬ್ದವನ್ನು ಸ್ಪೀಕರ್‌ನಲ್ಲಿ ಹಾಕಿದ ಹಾಗಾಯಿತು. ಕುಣಿಯಲು ಯಾರ ಕಾಲು ಏಳುತ್ತದೆ?

ಸಿಂಥ್_ಸಿಪಾಯಿ (ಸೋಮವಾರಪೇಟೆ):

ಬಂದರು ನೋಡಿ. ಹಾರ್ನ್ ಇಲ್ಲ ಅಂದ ಕೂಡಲೇ ಫಂಕ್ ಸತ್ತಿತು ಅನ್ನುವ ಪಂಗಡ.

ಸ್ವಾಮಿ, ಪಾರ್ಲಿಮೆಂಟ್ ಬ್ಯಾಂಡ್‌ನ ‘ಫ್ಲ್ಯಾಶ್ ಲೈಟ್’ ಹಾಡಿನ ಬೇಸ್ ಯಾವ ಗಿಟಾರ್? ಗಿಟಾರ್ ಅಲ್ಲವೇ ಅಲ್ಲ, ಬರ್ನಿ ವೊರೆಲ್ ಮೂಗ್ ಕಂಪನಿಯ ಸಿಂಥ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್) ಮೇಲೆ ನುಡಿಸಿದ್ದು. ಫಂಕ್‌ನ ದೊಡ್ಡ ಹಾಡುಗಳ ಪಟ್ಟಿ ಮಾಡಿದರೆ ಅದು ಇಲ್ಲದೆ ಪಟ್ಟಿ ಮುಗಿಯುವುದಿಲ್ಲ. 1980ರಲ್ಲಿ ಝ್ಯಾಪ್ ಬ್ಯಾಂಡಿನವರು ವಾದ್ಯವನ್ನು ಮಾತಾಡಿಸುವ ಟಾಕ್ ಬಾಕ್ಸ್ ಹಿಡಿದು ಬಂದರು. 1982ರಲ್ಲಿ ಗ್ಯಾಪ್ ಬ್ಯಾಂಡ್ ‘ಯು ಡ್ರಾಪ್ಡ್ ಎ ಬಾಂಬ್ ಆನ್ ಮಿ’ ಮಾಡಿದರು, ಪೂರ್ತಿ ಸಿಂಥ್ ಮೇಲೆ ಓಡುವ ಹಾಡು. 1983ರಲ್ಲಂತೂ ಯಮಾಹಾ ಡಿಎಕ್ಸ್7 ಸಿಂಥ್ ಬಂತು, ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ಬಂತು, ಜಾಝ್‌ನಿಂದ ಬಂದ ಹರ್ಬಿ ಹ್ಯಾನ್‌ಕಾಕ್ ‘ರಾಕಿಟ್’ ಮಾಡಿ ಎಲ್ಲರನ್ನೂ ಬೆಚ್ಚಿಬೀಳಿಸಿದ. ಈ ಬ್ಯಾಂಡ್ ಕಟ್ಟಿದ ಮೌರಿಸ್ ವೈಟ್ ಮಾತ್ರ 1975ರಲ್ಲೇ ಕೂತಿರಬೇಕಿತ್ತಾ?

ಇನ್ನು ಇದೇ ಬ್ಯಾಂಡಿನ ‘ಲೆಟ್ಸ್ ಗ್ರೂವ್’ ತಗೊಳ್ಳಿ. 1981ರದ್ದು. ಶುರುವಾಗುವುದೇ ವೊಕೋಡರ್ (ಮನುಷ್ಯರ ದನಿಯನ್ನು ಯಂತ್ರದ ಹಾಗೆ ಕೇಳಿಸುವ ಸಾಧನ) ದನಿಯಿಂದ. ಅದಕ್ಕೆ ಪಾರ್ಟಿಯಲ್ಲಿ ಕುಣಿಯುತ್ತೀರಿ, ಇದಕ್ಕೆ ಮೂಗು ಮುರಿಯುತ್ತೀರಿ.

‘ಮ್ಯಾಗ್ನೆಟಿಕ್’ ಬರೆದವನು ಮಾರ್ಟಿನ್ ಪೇಜ್ ಅನ್ನುವ ಇಂಗ್ಲಿಷಿನವನು. ಸಿಂಥ್ ಪಾಪ್ ಕಡೆಯವನು, ಮುಂದೆ ಸ್ಟಾರ್‌ಶಿಪ್ ಹಾಡಿದ ‘ವಿ ಬಿಲ್ಟ್ ದಿಸ್ ಸಿಟಿ’ ಬರೆದವರಲ್ಲೂ ಒಬ್ಬ. ಅವನ ಹಾಡು ಬೇಕು ಅಂತ ತಗೊಂಡ ಮೇಲೆ ಅದು ಹಾಗೇ ಕೇಳಿಸಬೇಕು. ನಾನು ಜನವರಿಯಲ್ಲಿ ಕಾಫಿ ಕಣದಲ್ಲಿ ಹಣ್ಣು ಹರವುವಾಗ ಬ್ಲೂಟೂತ್ ಸ್ಪೀಕರ್‌ನಲ್ಲಿ ಅದನ್ನೇ ಹಾಕುತ್ತೇನೆ. ಕೆಲಸ ಸರಸರ ಸಾಗುತ್ತದೆ. ಆಳುಗಳೂ ಯಾವತ್ತೂ ದೂರು ಹೇಳಿಲ್ಲ.

ಬ್ರಾಸ್_ಪ್ರಿಯ (ವಿರಾಜಪೇಟೆ):

‘ಲೆಟ್ಸ್ ಗ್ರೂವ್’ನಲ್ಲಿ ವೊಕೋಡರ್ ಇದೆ, ಜೊತೆಗೆ ಹಾರ್ನ್ ಕೂಡ ಇದೆ. ನಾನು ಹೇಳುತ್ತಿರುವುದೂ ಅದನ್ನೇ ಅಲ್ವಾ? ಯಂತ್ರ ಬರಲಿ, ಯಾರು ಬೇಡ ಅಂದರು. ಮನುಷ್ಯರನ್ನು ಯಾಕೆ ಎಬ್ಬಿಸಬೇಕು?

ಆಳುಗಳು ದೂರು ಹೇಳದೇ ಇರುವುದಕ್ಕೆ ಬೇರೆ ಕಾರಣ ಇರುತ್ತದೆ ಬಿಡಿ.

ಮೂರ್ನಾಡಿನ_ಅಕ್ಕ:

ಇಬ್ಬರೂ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಸಿದ್ದಾಪುರದ ತಮ್ಮ ಕೇಳಿದ್ದಕ್ಕೆ ಮೊದಲು ಉತ್ತರ ಕೊಡೋಣ.

ಬೂಷ್ಟಿನ ವಿಷಯ. ಒಳಗಿನ ಕಾಗದದ ಕವರ್ ಬಿಸಾಕಿ, ಅದನ್ನು ಉಳಿಸಲು ಹೋಗಬೇಡಿ, ಎಷ್ಟು ಒರೆಸಿದರೂ ಅದರಿಂದಲೇ ಮತ್ತೆ ಹಿಡಿಯುತ್ತದೆ. ರೆಕಾರ್ಡ್‌ಗೆ ಡಿಸ್ಟಿಲ್ಡ್ ವಾಟರ್, ಅದಕ್ಕೆ ಸ್ವಲ್ಪವೇ ಐಸೊಪ್ರೊಪೈಲ್ ಆಲ್ಕೋಹಾಲ್. ಮೈಕ್ರೊಫೈಬರ್ ಬಟ್ಟೆ ಒದ್ದೆ ಮಾಡಿಕೊಂಡು ಗೆರೆಗಳ ಜಾಡಿನಲ್ಲೇ ಸುತ್ತಾಕಾರವಾಗಿ ಒರೆಸಿ. ನಡುವಿನಿಂದ ಅಂಚಿಗೆ ಅಡ್ಡ ಎಳೆಯಬೇಡಿ. ಲೇಬಲ್‌ಗೆ ನೀರು ತಾಗಬಾರದು. ಪೂರ್ತಿ ಒಣಗದೆ ಹೊಸ ಕವರ್‌ಗೆ ಹಾಕಬೇಡಿ, ಜುಲೈ ತಿಂಗಳಾದರೆ ಅದಕ್ಕೇ ಅರ್ಧ ದಿನ ಬೇಕು. ಮಾವನ ಪೆಟ್ಟಿಗೆಯಲ್ಲಿ ಹಳೆಯ 78 ಆರ್‌ಪಿಎಂ ತಟ್ಟೆಗಳೇನಾದರೂ ಇದ್ದರೆ ಅವಕ್ಕೆ ಮಾತ್ರ ಆಲ್ಕೋಹಾಲ್ ಸೋಕಿಸಲೇಬೇಡಿ, ಅವು ಅರಗಿನವು, ಕರಗುತ್ತವೆ. ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿಡಿ. ನಮ್ಮ ಮನೆಯಲ್ಲಿ ಬಟ್ಟೆಯ ಬೀರುವಿಗೆ ಮಳೆಗಾಲದಲ್ಲಿ ಸಣ್ಣ ಬಲ್ಬ್ ಹಾಕಿಡುತ್ತೇವಲ್ಲ, ಅದೇ ಬೀರುವಿನಲ್ಲೇ ನನ್ನ ರೆಕಾರ್ಡ್‌ಗಳೂ ಇವೆ, ಬಲ್ಬಿನಿಂದ ದೂರದ ಮೂಲೆಯಲ್ಲಿ. ಬಿಸಿ ತಾಗಿದರೆ ಬಗ್ಗಿಹೋಗುತ್ತವೆ.

ಅಂದ ಹಾಗೆ ಈ ಬ್ಯಾಂಡಿನ ಹೆಸರಿನಲ್ಲಿ ನೀರು ಇಲ್ಲ, ಗಮನಿಸಿದ್ದೀರಾ? ಮೌರಿಸ್ ವೈಟ್ ತನ್ನ ಜಾತಕ ನೋಡಿ ಇಟ್ಟ ಹೆಸರು ಅದು, ಅವನ ಜಾತಕದಲ್ಲಿ ಜಲತತ್ವ ಇರಲಿಲ್ಲವಂತೆ. ಭೂಮಿ, ಗಾಳಿ, ಬೆಂಕಿ ಮಾತ್ರ. ಭಾಗಮಂಡಲದಲ್ಲಿ ಹುಟ್ಟಿದ್ದರೆ ಆ ಹೆಸರು ಖಂಡಿತ ಬರುತ್ತಿರಲಿಲ್ಲ.

ಈಗ ಆಲ್ಬಮ್. ಇದೊಂದನ್ನೇ ಎತ್ತಿ ನೋಡಿದರೆ ಅರ್ಥ ಆಗುವುದಿಲ್ಲ. 1976ರಲ್ಲಿ, ಇವರ ಹಾಡುಗಳಿಗೆ ವಾದ್ಯ ಜೋಡಿಸಿ ಕೊಡುತ್ತಿದ್ದ ಚಾರ್ಲ್ಸ್ ಸ್ಟೆಪ್ನಿ ತೀರಿಕೊಂಡರು. ಆ ಕಾಲದ ಇವರ ಹಾಡುಗಳಲ್ಲಿ ವಾದ್ಯಗಳು ಒಂದರ ಮೇಲೊಂದು ಬೀಳದೆ ಜಾಗ ಬಿಟ್ಟುಕೊಂಡು ಕೂತಿವೆಯಲ್ಲ, ಆ ಕೈಗುಣ ಬಹುಪಾಲು ಅವರದು. 1980ರ ‘ಫೇಸಸ್’ ಆದಮೇಲೆ ಗಿಟಾರಿಸ್ಟ್ ಆಲ್ ಮೆಕೇ ಬಿಟ್ಟು ಹೋದರು. ‘ಸೆಪ್ಟೆಂಬರ್’ ಬರೆದ ಮೂವರಲ್ಲಿ ಒಬ್ಬರು ಅವರು, ಆ ಹಾಡಿನ ಶುರುವಿನ ಗಿಟಾರ್ ಯಾರಿಗೆ ನೆನಪಿಲ್ಲ? ಆಮೇಲೆ 1983 ಒಂದೇ ವರ್ಷದಲ್ಲಿ ಎರಡು ಆಲ್ಬಮ್, ಮೊದಲು ‘ಪವರ್‌ಲೈಟ್’, ವರ್ಷದ ಕೊನೆಗೆ ಇದು. ಮಾರಾಟ ಹಿಂದಿನವುಗಳ ಹತ್ತಿರಕ್ಕೂ ಬರಲಿಲ್ಲ. ಇದಾದ ಮೇಲೆ ಬ್ಯಾಂಡ್ ಬಾಗಿಲು ಹಾಕಿತು, 1987ರ ‘ಟಚ್ ದ ವರ್ಲ್ಡ್’ವರೆಗೂ ತೆರೆಯಲಿಲ್ಲ. ಬ್ಯಾಂಡಿನ ಗಾಯಕ ಫಿಲಿಪ್ ಬೇಲಿ ಆ ನಡುವೆ ಫಿಲ್ ಕಾಲಿನ್ಸ್ ಜೊತೆ ‘ಈಝಿ ಲವರ್’ ಹಾಡಿ ಗೆದ್ದ. ಹಾಗಾಗಿ ದಣಿದ ಬ್ಯಾಂಡಿನ ಆಲ್ಬಮ್ ಇದು ಅಂತ ನನಗೆ ಅನಿಸುತ್ತದೆ. ಕೆಟ್ಟದ್ದಲ್ಲ, ದಣಿದದ್ದು.

ಸಿಂಥ್ ತಪ್ಪಲ್ಲ ಅನ್ನುವ ಮಾತು ನಾನೂ ಒಪ್ಪುತ್ತೇನೆ. ಆದರೆ ‘ಫ್ಲ್ಯಾಶ್ ಲೈಟ್’ ಇನ್ನೊಂದು ಸಲ ಕೇಳಿ. ಆ ಮೂಗ್ ಬೇಸ್ ನಿಲ್ಲುತ್ತದೆ, ತೊದಲುತ್ತದೆ, ಮತ್ತೆ ಹೊರಡುತ್ತದೆ. ಆ ಖಾಲಿ ಜಾಗದಲ್ಲೇ ನಮ್ಮ ಭುಜ ಅಲ್ಲಾಡುವುದು. ‘ಎಲೆಕ್ಟ್ರಿಕ್ ಯೂನಿವರ್ಸ್’ನ ಜೋರು ಹಾಡುಗಳಲ್ಲಿ ಖಾಲಿ ಜಾಗವೇ ಇಲ್ಲ, ಎಲ್ಲ ಕಡೆ ಏನಾದರೊಂದು ಮಿಣಿಮಿಣಿ ಅನ್ನುತ್ತಲೇ ಇರುತ್ತದೆ, ಡ್ರಮ್ಸ್ ಬೇರೆ ಒಂದೇ ಸಮನೆ ಕುಟ್ಟುತ್ತದೆ. ನಿಧಾನದ ಹಾಡುಗಳಿಗೆ ಬನ್ನಿ, ಲೆಕ್ಕ ಬದಲಾಗುತ್ತದೆ. ‘ಟಚ್’ ಮತ್ತು ‘ವಿ ಆರ್ ಲಿವಿಂಗ್ ಇನ್ ಅವರ್ ಓನ್ ಟೈಮ್’ ಕರೆಂಟ್ ಇರುವ ರಾತ್ರಿ ನೋಡಿಕೊಂಡು ಕೇಳಿ. ಈ ಎರಡು ಯಾವ ಕಾಲದ ಆಲ್ಬಮ್‌ನಲ್ಲಿದ್ದರೂ ನಿಲ್ಲುತ್ತಿದ್ದವು.

ನಾಲ್ಕು_ತಂತಿ (ಕುಶಾಲನಗರ):

ನಾನು ಬೇಸ್ ಗಿಟಾರ್ ನುಡಿಸುವವನು, ಆದ್ದರಿಂದ ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹಾರ್ನ್ ಹಾರ್ನ್ ಅಂತ ಹೊಡೆದುಕೊಳ್ಳುತ್ತಿದ್ದೀರಿ. ಬ್ಯಾಂಡಿನಲ್ಲಿ ಬೇಸ್ ನುಡಿಸುವ ವರ್ಡೀನ್ ವೈಟ್‌ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. 1976ರ ‘ಗೆಟವೇ’ ಹಾಕಿ ಬೇಸ್ ಮಾತ್ರ ಹಿಂಬಾಲಿಸಿ ನೋಡಿ, ಬೆರಳು ಸೋತುಹೋಗುತ್ತದೆ, ನನಗೆ ಇನ್ನೂ ಪೂರ್ತಿ ವೇಗದಲ್ಲಿ ಬರುವುದಿಲ್ಲ. ಅಂಥವನನ್ನು ಈ ಆಲ್ಬಮ್‌ನಲ್ಲಿ ಹುಡುಕಬೇಕು. ಬ್ಯಾಂಡ್ ನಡೆಸುವ ಮೌರಿಸ್‌ನ ಮಲತಮ್ಮ, ಅದೇ ಬ್ಯಾಂಡಿನಲ್ಲಿ ಮೂಲೆಗೆ.

ಸೋಮವಾರಪೇಟೆಯವರಿಗೆ ಒಂದು ಮಾತು. ಕಣದ ಬ್ಲೂಟೂತ್ ಸ್ಪೀಕರ್‌ನಲ್ಲಿ ಬೇಸ್ ಅರ್ಧಕ್ಕರ್ಧ ಕೇಳಿಸುವುದೇ ಇಲ್ಲ. ಮೇಲಿನ ಟಣ್ ಟಣ್ ಮಾತ್ರ ಕೇಳಿಸುತ್ತದೆ. ‘ಮ್ಯಾಗ್ನೆಟಿಕ್’ಗೆ ಅದು ಸಾಕು, ಅದಕ್ಕೇ ನಿಮಗೆ ಚೆನ್ನಾಗಿದೆ. ‘ಗೆಟವೇ’ಗೆ ಸಾಕಾಗಲ್ಲ.

ಮತ್ತೆ ಅಭಿಮಾನಿಗಳ ಬಗ್ಗೆಯೂ ಹೇಳಬೇಕು. ನಾವು ಸುಲಭದಲ್ಲಿ ಒಪ್ಪುವ ಜನ ಅಲ್ಲ. 1987ರಲ್ಲಿ ‘ಸಿಸ್ಟಂ ಆಫ್ ಸರ್ವೈವಲ್’ ಬಂತು, ಕಪ್ಪುಜನರ ಹಾಡುಗಳ ಚಾರ್ಟ್‌ನಲ್ಲಿ ಮೊದಲ ಸ್ಥಾನಕ್ಕೇ ಹೋಯಿತು, ಆದರೂ ಯಂತ್ರ ಜಾಸ್ತಿ ಅಂದೆವು. 2013ರಲ್ಲಿ ‘ನೌ, ದೆನ್ ಅಂಡ್ ಫಾರೆವರ್’ನಲ್ಲಿ ಹಳೆಯ ಶೈಲಿಗೇ ವಾಪಸ್ ಬಂದರು, ಹಾರ್ನ್ ಎಲ್ಲ ಸೇರಿಸಿ. ಆಗ ಏನಂದೆವು? ಹಳೆಯದರ ನಕಲು ಅಂದೆವು. ಮೌರಿಸ್ ಇಲ್ಲದೆ ಇದೇನು ಅಂದೆವು. ಪಾಪ ಆತ ಪಾರ್ಕಿನ್ಸನ್ ಕಾಯಿಲೆಯಿಂದ ತೊಂಬತ್ತರ ದಶಕದಲ್ಲೇ ಟೂರ್ ನಿಲ್ಲಿಸಿದ್ದ, 2016ರಲ್ಲಿ ತೀರಿಕೊಂಡ. ಇನ್ನು ಏನು ಮಾಡಿದ್ದರೆ ನಮಗೆ ಸಮಾಧಾನ ಆಗುತ್ತಿತ್ತೋ.

ಸಿಂಥ್_ಸಿಪಾಯಿ (ಸೋಮವಾರಪೇಟೆ):

ಸ್ಪೀಕರ್ ಮೇಲೆ ಯಾಕೆ ಕಣ್ಣು? ಒಳ್ಳೆಯ ಕಂಪನಿಯದ್ದೇ ಅದು.

ಮೂರ್ನಾಡಿನ ಅಕ್ಕ ಹೇಳಿದ ಖಾಲಿ ಜಾಗದ ಮಾತಿಗೆ ಉತ್ತರ ಇದೆ. ‘ಸ್ಪಿರಿಟ್ ಆಫ್ ಎ ನ್ಯೂ ವರ್ಲ್ಡ್’ ಹಾಡಿನಲ್ಲಿ ಗುಂಪಾಗಿ ಹಾಡುವ ಭಾಗ ಕೇಳಿ. ಅಲ್ಲಿ ದನಿಗಳೇ ಹಾರ್ನ್ ಕೆಲಸ ಮಾಡುತ್ತವೆ. ತುಂಬಿಕೊಂಡಿರುವುದೇ ಅದರ ರುಚಿ. ಎಲ್ಲ ಫಂಕ್ ಬಡಕಲಾಗಿಯೇ ಇರಬೇಕು ಅಂತ ಎಲ್ಲಿದೆ?

ಮೂರ್ನಾಡಿನ_ಅಕ್ಕ:

ಆ ಹಾಡು ಬಿಟ್ಟುಕೊಟ್ಟೆ, ತಗೊಳ್ಳಿ. ‘ಸ್ವೀಟ್ ಸ್ಯಾಸಿ ಲೇಡಿ’ಯನ್ನು ಹೇಗೆ ಉಳಿಸುತ್ತೀರಿ ನೋಡೋಣ.

ಸಿಂಥ್_ಸಿಪಾಯಿ (ಸೋಮವಾರಪೇಟೆ):

ಅದನ್ನು ಉಳಿಸಲ್ಲ.

ಕಣದ_ಹುಡುಗ (ಸಿದ್ದಾಪುರ):

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಹೇಳಿದ ಹಾಗೇ ಒರೆಸಿದೆ, ಚುಕ್ಕಿ ಹೋಯಿತು, ಚಟಪಟ ಸದ್ದು ಮುಕ್ಕಾಲು ಕಡಿಮೆಯಾಯಿತು. ಬಟ್ಟೆಗೆ ಬಂದ ಕೊಳೆ ನೋಡಿ ಅಮ್ಮ ಇದನ್ನು ಹೊರಗೆ ಬಿಸಾಕು ಅಂದರು.

ಮತ್ತೆ ಹೆಡ್‌ಫೋನ್ ಹಾಕಿ ಕೇಳಿದೆ. ‘ಟಚ್’ ಬಗ್ಗೆ ನೀವು ಹೇಳಿದ್ದು ನಿಜ. ಮೊದಲು ಅದನ್ನು ‘ಮ್ಯಾಗ್ನೆಟಿಕ್’ ಮತ್ತು ‘ಮೂನ್‌ವಾಕ್’ ನಡುವಿನ ಗ್ಯಾಪ್ ಥರ ಕೇಳಿಬಿಟ್ಟಿದ್ದೆ, ಈಗ ಅದೇ ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು. ವರ್ಡೀನ್‌ನನ್ನು ಹುಡುಕಿದೆ, ಒಂದೆರಡು ಕಡೆ ಸಿಕ್ಕ. ಕೊನೆಯ ‘ಎಲೆಕ್ಟ್ರಿಕ್ ನೇಷನ್’ ಮಾತ್ರ ನನ್ನ ಕೈಲಿ ಆಗಲಿಲ್ಲ, ಅರ್ಧಕ್ಕೇ ಸೂಜಿ ಎತ್ತಿದೆ. ಒಟ್ಟಿನಲ್ಲಿ ಎಂಟರಲ್ಲಿ ನಾಲ್ಕು ಹಾಡು ಇಟ್ಟುಕೊಳ್ಳುತ್ತೇನೆ. ಕೆಟ್ಟ ಆಲ್ಬಮ್‌ಗೆ ಇದು ಕಡಿಮೆ ಮಾರ್ಕ್ಸ್ ಅಲ್ಲ, ಅಲ್ವಾ?

ಇದರ ಹಿಂದಿನ ‘ಪವರ್‌ಲೈಟ್’ ಯಾರ ಹತ್ತಿರವಾದರೂ ಎಲ್‌ಪಿ ಇದೆಯಾ? ಒಂದೇ ವರ್ಷದಲ್ಲಿ ಅಷ್ಟು ಬದಲಾವಣೆ ಹೇಗಾಯಿತು ಅಂತ ಎರಡನ್ನೂ ಒಟ್ಟಿಗೆ ಹಾಕಿ ನೋಡಬೇಕು.

ಬ್ರಾಸ್_ಪ್ರಿಯ (ವಿರಾಜಪೇಟೆ):

ನನ್ನ ಹತ್ತಿರ ಇದೆ. ‘ಫಾಲ್ ಇನ್ ಲವ್ ವಿತ್ ಮಿ’ ಹತ್ತಿರ ಒಂದು ಗೀರು ಇದೆ, ಹಾರುವುದಿಲ್ಲ. ಶುಕ್ರವಾರ ಮಡಿಕೇರಿ ಸಂತೆಗೆ ಬರುತ್ತೇನೆ, ಬೇಕಾದರೆ ಬಂದು ತಗೊಳ್ಳಿ, ಕೇಳಿ ವಾಪಸ್ ಕೊಟ್ಟರೆ ಸಾಕು. ಬದಲಿಗೆ ನಿಮ್ಮದನ್ನು ತರುವ ತೊಂದರೆ ಮಾತ್ರ ಬೇಡ.

ನಾಲ್ಕು_ತಂತಿ (ಕುಶಾಲನಗರ):

ಸಿದ್ದಾಪುರದವರೇ, ನಿಮ್ಮದನ್ನು ನನಗೆ ತನ್ನಿ, ನಾನು ತಗೊಳ್ಳುತ್ತೇನೆ. ವರ್ಡೀನ್ ಸಿಕ್ಕ ಆ ಒಂದೆರಡು ಕಡೆ ಯಾವುದು ಅಂತ ಚೀಟಿಯಲ್ಲಿ ಬರೆದಿಡಿ.